ಚೌಬಾರಾ ನೆಟ್ಟಗೆ ನಿಂತಿತು

17 ನವೆಂಬರ್ 2024, ಭಾನುವಾರ
ಕಲಬುರಗಿ

ಮೂರು ವಾರದಿಂದ ನನ್ನ ಟಿವಿಯಲ್ಲಿ ಬೀದರಿನ ಚೌಬಾರಾ ಗೋಪುರದ ಚಿತ್ರ ಎಡಕ್ಕೆ ವಾಲಿಕೊಂಡಿತ್ತು. ಇವತ್ತು ಬೆಳಿಗ್ಗೆ ಹತ್ತೂವರೆಗೆ ನೆಟ್ಟಗಾಯಿತು. ಮರೆಯುವ ಮೊದಲು ಎಲ್ಲಾ ಬರೆದಿಡುತ್ತೇನೆ.

ಹ್ಯಾಮ್ ರೇಡಿಯೊ, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ನಡೆಸುವ ರೇಡಿಯೊ, ಗೊತ್ತಿಲ್ಲದವರಿಗೆ ಎರಡು ಮಾತು. ಸ್ಲೋ ಸ್ಕ್ಯಾನ್ ಟಿವಿ ಅಂದರೆ ಫೋಟೊವನ್ನು ಶಬ್ದವಾಗಿ ಕಳಿಸುವುದು. ನಾವು ಮಾತಾಡುವ ರೇಡಿಯೊನೇ ಸಾಕು, ಬೇರೆ ಟ್ರಾನ್ಸ್‌ಮಿಟರ್ ಬೇಡ. ಕಪ್ಪಿಗೆ 1500 ಹರ್ಟ್ಸ್, ಬಿಳಿಗೆ 2300 ಹರ್ಟ್ಸ್, ಬೂದು ಬಣ್ಣಕ್ಕೆ ಇವೆರಡರ ನಡುವಿನ ಸ್ವರ. ಹೊಸ ಗೆರೆ ಶುರುವಾಯಿತು ಅಂತ ತಿಳಿಸಲು 1200 ಹರ್ಟ್ಸ್‌ನ ಸಣ್ಣ ಸದ್ದು, ಅದೇ ಸಿಂಕ್. ಬೀದರಿನ ಗೆಳೆಯ ಮತ್ತು ನಾನು ಬಳಸುವುದು ರೋಬೋಟ್ 36 ಎಂಬ ವಿಧಾನ. ಅದರಲ್ಲಿ 240 ಗೆರೆ, ಒಂದೊಂದಕ್ಕೆ 150 ಮಿಲಿಸೆಕೆಂಡು. ಚಿತ್ರ ಪೂರ್ತಿ ಬರಲು 36 ಸೆಕೆಂಡು ಬೇಕು.

ಟಿವಿಗೆ ಅಷ್ಟು ತಾಳ್ಮೆ ಇಲ್ಲ. ಸೆಕೆಂಡಿಗೆ 50 ಸಲ ಅದರ ಪರದೆ ತುಂಬಬೇಕು. ಅಂದರೆ ಇಲ್ಲಿ ಒಂದು ಚಿತ್ರ ಬರುವುದರೊಳಗೆ ಅಲ್ಲಿ 1800 ಸಲ ಬರೆದು ಮುಗಿದಿರುತ್ತದೆ. ಇವೆರಡರ ನಡುವೆ ಕೂರುವುದೇ ಕನ್ವರ್ಟರ್. ನಿಧಾನಕ್ಕೆ ಬಂದದ್ದನ್ನು ಮೆಮೊರಿಯಲ್ಲಿ ಕೂಡಿಟ್ಟುಕೊಂಡು, ಟಿವಿ ಕೇಳಿದಷ್ಟು ಸಲ ಕೊಡುತ್ತಾ ಇರುತ್ತದೆ.

1958ರಲ್ಲಿ ಅಮೆರಿಕದ ಕಾಪ್‌ಥಾರ್ನ್ ಮ್ಯಾಕ್‌ಡೊನಾಲ್ಡ್ ಸ್ಲೋ ಸ್ಕ್ಯಾನ್ ಟಿವಿಯನ್ನು ಹ್ಯಾಮ್‌ಗಳ ಮುಂದಿಟ್ಟಾಗ ಅಂಥ ಮೆಮೊರಿ ಯಾರ ಮನೆಯಲ್ಲೂ ಇರಲಿಲ್ಲ. ರಡಾರಿನ ಪಿ7 ಟ್ಯೂಬನ್ನೇ ಪರದೆ ಮಾಡಿಕೊಂಡರು. ಅದಕ್ಕೆ ಬಳಿದ ಪುಡಿ ಬೆಳಕನ್ನು ಕೆಲವು ಸೆಕೆಂಡು ಹಿಡಿದಿಟ್ಟುಕೊಳ್ಳುತ್ತದೆ. ಆಗಿನ ಚಿತ್ರ 8 ಸೆಕೆಂಡಿನದು, 120 ಗೆರೆ. ಕೋಣೆ ಕತ್ತಲು ಮಾಡಿ ಕೂತರೂ ಕೆಳಗಿನ ಗೆರೆ ಬರುವಷ್ಟರಲ್ಲಿ ಮೇಲಿನದು ಮಾಸುತ್ತಿತ್ತು. 1970ರ ದಶಕದಲ್ಲಿ ರೋಬೋಟ್ 400 ಎಂಬ ಕನ್ವರ್ಟರ್ ಬಂತು. 128 ಸಾಲು, ಸಾಲಿಗೆ 128 ಚುಕ್ಕೆ, 16 ಛಾಯೆ. ಲೆಕ್ಕ ಹಾಕಿದರೆ ಬರೀ 8 ಕಿಲೋಬೈಟ್. ಆದರೆ ಮನೆಯ ಟಿವಿಯಲ್ಲೇ, ಹಗಲು ಬೆಳಕಿನಲ್ಲೇ ಚಿತ್ರ ಮಾಸದೆ ನಿಂತಿತು.

ಈಗ ಮೊಬೈಲ್ ಆ್ಯಪ್ ಈ ಕೆಲಸವನ್ನು ಸುಮ್ನೆ ಮಾಡಿಬಿಡುತ್ತದೆ. ಆದರೂ ನನಗೆ ಆ ಪೆಟ್ಟಿಗೆಯನ್ನು ನನ್ನ ಕೈಯಲ್ಲೇ ಮಾಡಬೇಕಿತ್ತು. ಒಂದು ಮೈಕ್ರೊಕಂಟ್ರೋಲರ್, ಡಾಟ್ ಬೋರ್ಡು, ಒಂದಷ್ಟು ರೆಸಿಸ್ಟರ್. ಟಿವಿ ಕಾಕಾನದು, 14 ಇಂಚಿನ ಬ್ಲ್ಯಾಕ್ ಅಂಡ್ ವೈಟ್. ಅದಕ್ಕೆ ವಿಡಿಯೊ ವೈರು ಹಾಕಿಕೊಟ್ಟವರೂ ಅವರೇ.

ಕಾಕಾ ಟಿವಿ ರಿಪೇರಿಯಲ್ಲೇ ವಯಸ್ಸು ಕಳೆದವರು. ನಮ್ಮ ಊರಿಗೆ ದೂರದರ್ಶನದ ಟ್ರಾನ್ಸ್‌ಮಿಟರ್ 1977ರಲ್ಲೇ ಬಂದಿತ್ತು. ಬೆಂಗಳೂರಿಗೆ ಬಂದದ್ದು 1981ರಲ್ಲಿ. ಇದನ್ನು ಅವರು ಇವತ್ತಿಗೂ ಎದೆಯುಬ್ಬಿಸಿ ಹೇಳುತ್ತಾರೆ. ಹೇಳಬೇಕಾದ್ದೇ ಅಲ್ವಾ?

ಇವತ್ತು ಅವರು ರೊಟ್ಟಿ ತಿಂದು ಬಂದು ನನ್ನ ಪಕ್ಕ ಕೂತರು. 40 ಮೀಟರ್ ಬ್ಯಾಂಡಿನಲ್ಲಿ ಗೆಳೆಯ ಚೌಬಾರಾದ ಫೋಟೊ ಮತ್ತೆ ಕಳಿಸಿದ. ನಾಲ್ಕು ದಿಕ್ಕಿನ ದಾರಿ ಕೂಡುವ ಕಡೆ ನಿಂತ ಆ ದುಂಡನೆಯ ಗೋಪುರವನ್ನು ಬೇಕೆಂದೇ ಆರಿಸಿಕೊಂಡಿದ್ದೆವು, ಓರೆಯಾದರೆ ತಕ್ಷಣ ಗೊತ್ತಾಗಲಿ ಅಂತ. ಗೆರೆ ಗೆರೆಯಾಗಿ ಇಳಿಯಿತು. ತುದಿ ಎಡಕ್ಕೆ, ಬುಡ ಬಲಕ್ಕೆ. ಎಡ ಅಂಚಿನಿಂದ ಒಂದು ಕರಿ ಪಟ್ಟಿ ಓರೆಯಾಗಿ ಒಳಗೆ ನುಗ್ಗಿತ್ತು.

"ಹೊರಿಜಾಂಟಲ್ ಹೋಲ್ಡ್ ತಿರುವಿ ನೋಡಿದಿ?"

"ಟಿವಿ ಸರಿ ಅದ ಕಾಕಾ. ಟೆಸ್ಟ್ ಪಟ್ಟಿ ನೆಟ್ಟಗೇ ಬರ್ಲತಾವ."

ಅವರು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು. "ಟಿವಿಗೆ ನಿನ್ನ ಬೋರ್ಡು ಗೆರೆಗೊಂದು ಸಿಂಕ್ ಕೊಡ್ತದ. ಅದನ್ನ ಹಿಡ್ಕೊಂಡು ಅದು ನಡೀತದ. ನಿನ್ನ ಬೋರ್ಡಿಗೆ ಯಾರು ಕೊಡ್ತಾರ?"

ನಾನು ಸುಮ್ಮನಾದೆ. ರೇಡಿಯೊದಲ್ಲೂ ಗೆರೆಗೊಂದು ಸಿಂಕ್ ಬರುತ್ತದೆ. ಆದರೆ ಗದ್ದಲದಲ್ಲಿ ಅದು ಆಗಾಗ ಮುಳುಗಿ ಚಿತ್ರ ಹರಿದಂತಾಗುತ್ತಿತ್ತು. ಅದಕ್ಕೆ ಮೊದಲ ಸಿಂಕ್ ಮಾತ್ರ ಹಿಡಿದು, ಮುಂದಿನ 239 ಗೆರೆಯನ್ನು ಬೋರ್ಡಿನ ಗಡಿಯಾರಕ್ಕೇ ಬಿಟ್ಟಿದ್ದೆ. ಬೋರ್ಡೇ ಬರೆಯುವ ಟೆಸ್ಟ್ ಪಟ್ಟಿ ನೆಟ್ಟಗಿದೆ, ಹಾಗಾಗಿ ಗಡಿಯಾರ ಸರಿ ಇದೆ ಅಂದುಕೊಂಡಿದ್ದೆ. ಅಲ್ಲೇ ತಪ್ಪಿದ್ದು. ಗಡಿಯಾರ ಸಾವಿರಕ್ಕೆ ಒಂದರಷ್ಟು ಮುಂದೆ ಓಡಿದರೆ ಟಿವಿ ಅದರ ಜೊತೆಗೇ ಓಡುತ್ತದೆ, ಏನೂ ಕಾಣುವುದಿಲ್ಲ. ಆದರೆ ಬೀದರಿನಿಂದ ಬರುವ ಚಿತ್ರ ನನ್ನ ಗಡಿಯಾರಕ್ಕೆ ಕಾಯುವುದಿಲ್ಲ. 36 ಸೆಕೆಂಡಿನ ಕೊನೆಗೆ 36 ಮಿಲಿಸೆಕೆಂಡು ವ್ಯತ್ಯಾಸ. ಒಂದು ಗೆರೆಯಲ್ಲಿ ಬೆಳಕಿನ ಭಾಗ ಇರುವುದೇ 88 ಮಿಲಿಸೆಕೆಂಡು. 320 ಚುಕ್ಕೆಯಲ್ಲಿ ಸುಮಾರು 130 ಚುಕ್ಕೆ ಪಕ್ಕಕ್ಕೆ ಸರಿದಂತೆ.

ಆದರೆ ಗಡಿಯಾರದ ಹೆಜ್ಜೆ ತಪ್ಪದಂತೆ ಕಾಯುವ ಕ್ರಿಸ್ಟಲ್ ಹಾಕಿದ ಬೋರ್ಡು ಇಷ್ಟು ಓಡಬಾರದು. ಕಾಕಾ ಭೂತಗನ್ನಡಿ ತೆಗೆದು ಬೋರ್ಡನ್ನು ಬೆಳಕಿಗೆ ಓರೆ ಹಿಡಿದರು. "ಬಾ, ನೋಡು." ಕ್ರಿಸ್ಟಲ್‌ನ ಒಂದು ಕಾಲಿನ ಸುತ್ತ ಕೂದಲೆಳೆಯಷ್ಟು ತೆಳ್ಳನೆ ಬೂದು ಉಂಗುರ. ಡ್ರೈ ಸೋಲ್ಡರ್, ಅಂದರೆ ಸರಿಯಾಗಿ ಹಿಡಿಯದ ಬೆಸುಗೆ! ಕ್ರಿಸ್ಟಲ್ ಶುರುವೇ ಆಗಿರಲಿಲ್ಲ. ಅದು ಸಿಗದಿದ್ದರೆ ಚಿಪ್ಪಿನ ಒಳಗಿನ, ಅಷ್ಟು ನಿಖರವಲ್ಲದ ಆಸಿಲೇಟರಿನ ಮೇಲೆ ನಡಿ ಅಂತ ಪ್ರೋಗ್ರಾಮಿನಲ್ಲಿ ನಾನೇ ಬರೆದಿದ್ದೆ. ಮೂರು ವಾರ ಅದರ ಮೇಲೇ ನಡೆದಿದೆ.

ಹಳೆಯ ಬೆಸುಗೆ ತೆಗೆದು, ಕಾಲು ಕೆರೆದು, ಹೊಸದು ಹಾಕಿದರು. ತಣ್ಣಗಾಗುವ ತನಕ ಬೋರ್ಡು ಅಲ್ಲಾಡದಂತೆ ಹಿಡಿದಿದ್ದರು. ಅವಸರವೇ ಇಲ್ಲದ ಆ ಕೈಯನ್ನೇ ನೋಡುತ್ತಾ ಕೂತಿದ್ದೆ.

ಗೆಳೆಯನಿಗೆ ಇನ್ನೊಮ್ಮೆ ಕಳಿಸಲು ಹೇಳಿದೆ. ಮೊದಲು ಆಕಾಶ, ಆಮೇಲೆ ಗೋಪುರದ ತುದಿ, ಆಮೇಲೆ ಮೈ. ನೂರನೇ ಗೆರೆ ದಾಟಿತು, ಇನ್ನೂರು ದಾಟಿತು. ಬುಡ ತುದಿಯ ಕೆಳಗೇ ಬಂದು ನಿಂತಿತು. ಪಕ್ಕದ ವಿದ್ಯುತ್ ಕಂಬವೂ ನೆಟ್ಟಗೆ.

"ಹೆಂಗ ಬಂತು?" ಅಂತ ರೇಡಿಯೊದಲ್ಲಿ ಕೇಳಿದ. ನನಗೆ ಗಂಟಲು ಕಟ್ಟಿತ್ತು. ಮೈಕು ಕಾಕಾನ ಬಾಯಿ ಹತ್ತಿರ ಹಿಡಿದೆ. "ನಿಂತದಪಾ, ಸೀದಾ ನಿಂತದ" ಅಂದರು.

ಆಮೇಲೆ ನನ್ನ ಕಡೆ ತಿರುಗಿ, ಬಣ್ಣ ಎಲ್ಲಿ ಹೋಯಿತು ಅಂತ ಕೇಳಿದರು. ಪ್ರತಿ ಗೆರೆಯ ಕೊನೆಯ 44 ಮಿಲಿಸೆಕೆಂಡು ಬಣ್ಣದ್ದು, ಅದನ್ನು ನಾನು ಓದುತ್ತಲೇ ಇಲ್ಲ ಅಂದೆ. ಅಟ್ಟದ ಮೇಲೆ ಒಂದು ಕಲರ್ ಟಿವಿ ಇದೆಯಂತೆ. ಮುಂದಿನ ಭಾನುವಾರ ಇಳಿಸುತ್ತೇವೆ.