ಒಟ್ಸೀಗೊ ಕೌಂಟಿಯ ವಿಲಿಯಂ ಕೂಪರ್

ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ, ಅದನ್ನು ಕಟ್ಟಿದ ವಿಲಿಯಂ ಕೂಪರನ ದೊಡ್ಡ ಮನೆಯಿದ್ದ ಜಾಗ ಈಗ ಉದ್ಯಾನವಾಗಿದೆ. ಮನೆ 1853ರಲ್ಲಿ ಸುಟ್ಟುಹೋಯಿತು. ಅಲ್ಲಿ ಇಂದು ಕುಳಿತಿರುವ ಕಂಚಿನ ಪ್ರತಿಮೆ ಅವನದಲ್ಲ, ಅವನ ಮಗ, ಕಾದಂಬರಿಕಾರ ಜೇಮ್ಸ್ ಫೆನಿಮೋರ್ ಕೂಪರನದು. ಊರಿಗೆ ತನ್ನ ಹೆಸರನ್ನೇ ಕೊಟ್ಟ ಮನುಷ್ಯ ತನ್ನ ಮನೆಯಂಗಳದಲ್ಲೇ ಮಗನ ನೆರಳಿಗೆ ಸರಿದದ್ದು ಹೇಗೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ.

1754ರಲ್ಲಿ ಫಿಲಡೆಲ್ಫಿಯಾದ ಬಳಿ ಕ್ವೇಕರ್ ಎಂಬ ಕ್ರೈಸ್ತ ಪಂಥದ ಬಡ ಕುಟುಂಬದಲ್ಲಿ ಹುಟ್ಟಿದ ಕೂಪರ್ ಗಾಡಿಯ ಚಕ್ರ ಮಾಡುವ ಕಸುಬಿನಿಂದ ಬದುಕು ಆರಂಭಿಸಿದವನು. ಈ ಊರು ಎದ್ದ ಒಟ್ಸೀಗೊ ಸರೋವರದ ಸುತ್ತಲಿನ ಕಾಡು ಮೊದಲು ಇರೊಕ್ವಾ ಎಂಬ ಮೂಲನಿವಾಸಿ ಜನರದಾಗಿತ್ತು. ಅನಂತರ ಜಾರ್ಜ್ ಕ್ರೋಗನ್ ಎಂಬ ವ್ಯಾಪಾರಿಯ ಕೈಸೇರಿ, ಅವನ ಸಾಲದಲ್ಲಿ ಸಿಲುಕಿ, 1786ರಲ್ಲಿ ಹರಾಜಿಗೆ ಬಂದಾಗ ಕೂಪರ್ ಪಾಲುದಾರನೊಬ್ಬನ ಜೊತೆಗೂಡಿ ಅದನ್ನು ಕೊಂಡನು. ಕ್ರೋಗನ್ನನ ವಾರಸುದಾರರು ಆ ಕೊಳ್ಳುವಿಕೆಯನ್ನು ಪ್ರಶ್ನಿಸಿದರು. ಅಡಿಪಾಯದಲ್ಲೇ ಇದ್ದ ಈ ತಕರಾರನ್ನು ಮರೆಮಾಚಿ ಅವನನ್ನು ಹೊಗಳುವುದು ನ್ಯಾಯವಲ್ಲ.

ಆದರೂ ಅವನು ಜಮೀನು ಹಂಚಿದ ರೀತಿ ನನಗೆ ಮುಖ್ಯವಾಗಿ ಕಾಣುತ್ತದೆ. ಹಡ್ಸನ್ ಕಣಿವೆಯ ದೊಡ್ಡ ಜಮೀನುದಾರರು ರೈತರನ್ನು ಗೇಣಿದಾರರನ್ನಾಗಿಯೇ ಇಟ್ಟುಕೊಂಡಿದ್ದ ಕಾಲದಲ್ಲಿ, ಕೈಯಲ್ಲಿ ಹಣವಿಲ್ಲದವರಿಗೂ ಸಾಲದ ಮೇಲೆ, ವರ್ಷಗಳ ವಾಯಿದೆ ಕೊಟ್ಟು, ಅವನು ನೆಲವನ್ನು ಮಾರಿಯೇ ಬಿಟ್ಟನು. 40,000 ಎಕರೆಯೂ ಹದಿನಾರೇ ದಿನಗಳಲ್ಲಿ ಬಡವರ ಪಾಲಾಯಿತೆಂದು ಅವನೇ ಬರೆದುಕೊಂಡಿದ್ದಾನೆ.

ಈ ನೆಲೆ ಕಟ್ಟಿದ ಬಗ್ಗೆ ಅವನು ಬರೆದ ಪತ್ರಗಳಲ್ಲಿ ನಾನು ಮತ್ತೆ ಮತ್ತೆ ಓದುವುದು 1789ರ ಹಸಿವಿನ ಭಾಗವನ್ನು. ಕಾಡು ಕಡಿದು ಕೂತ ಕುಟುಂಬಗಳಿಗೆ ತಿನ್ನಲು ಕಾಳಿರಲಿಲ್ಲ. ಆಗ ಸಸ್ಕ್ವಿಹ್ಯಾನ ನದಿಯ ತೊರೆಗಳಿಗೆ ಹೆರಿಂಗ್ ಮೀನಿನ ಹಿಂಡು ಏರಿ ಬಂತು. ಬಲೆ ಇಲ್ಲದ ಜನ ಎಳೆಯ ಕಡ್ಡಿಗಳನ್ನು ಕೂಳಿಯಂತೆ ಹೆಣೆದು, ಅದರಿಂದಲೇ ಮೀನನ್ನು ಬಾಚಿದರು. ಹತ್ತು ದಿನಗಳೊಳಗೆ ಮನೆಮನೆಗೂ ಸಾಕಷ್ಟು ಮೀನು ಸೇರಿತು, ಅದನ್ನು ಕೆಡದಂತಿಡಲು ಉಪ್ಪೂ ಒದಗಿತು. ಕೂಪರ್ ರಾಜ್ಯದ ಶಾಸನಸಭೆಯಿಂದ 1,700 ಬುಶೆಲ್ ಮೆಕ್ಕೆಜೋಳ ಪಡೆದು, ಕುದುರೆಗಳ ಬೆನ್ನ ಮೇಲೆ ಹೇರಿಸಿ ತಂದು, ಮನೆಯ ತಲೆಗಳನ್ನು ಎಣಿಸಿ ಹಂಚಿದನು. ಈ ಪತ್ರಗಳು ಅವನು ಸತ್ತ ಮರುವರ್ಷ, 1810ರಲ್ಲಿ, ಡಬ್ಲಿನ್ನಿನಲ್ಲಿ ಪುಸ್ತಕವಾಗಿ ಅಚ್ಚಾದವು. ತನ್ನ ಸಾಧನೆಯನ್ನು ತಾನೇ ಹೇಳಿಕೊಳ್ಳುವವನ ಮಾತು ಇದೆಂಬ ಎಚ್ಚರ ಇಟ್ಟುಕೊಂಡರೂ, ಆ ಕಡ್ಡಿಯ ಹೆಣಿಗೆ ನನ್ನ ಕಣ್ಣಿಂದ ಮರೆಯಾಗುವುದಿಲ್ಲ.

1791ರಲ್ಲಿ ಒಟ್ಸೀಗೊ ಪ್ರತ್ಯೇಕ ಕೌಂಟಿಯಾದಾಗ ಅವನೇ ಮೊದಲ ನ್ಯಾಯಾಧೀಶನಾದನು. ಮುಂದೆ ಎರಡು ಬಾರಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೂ ಆರಿಸಿಹೋದನು. ಅಧಿಕಾರ ಅವನನ್ನು ಒರಟಾಗಿಸಿತು. 1792ರ ಗವರ್ನರ್ ಚುನಾವಣೆಯಲ್ಲಿ ಮತದಾರರ ಮೇಲೆ ಒತ್ತಡ ಹೇರಿದನೆಂಬ ಆರೋಪ ಬಂತು. ತಾಂತ್ರಿಕ ಕಾರಣಕ್ಕೆ ಒಟ್ಸೀಗೊದ ಮತಗಳನ್ನೇ ತಳ್ಳಿಹಾಕಿದ್ದರಿಂದ, ಅವನು ಬೆಂಬಲಿಸಿದ್ದ ಜಾನ್ ಜೇ ಕೇವಲ 108 ಮತಗಳಿಂದ ಸೋತನು.

1823ರಲ್ಲಿ ಮಗ ಬರೆದ ‘ದಿ ಪಯನಿಯರ್ಸ್’ ಕಾದಂಬರಿಯಲ್ಲಿ ತಂದೆಯ ಈ ಒರಟುತನವೆಲ್ಲ ಸವೆದು, ಘನವಂತ ನ್ಯಾಯಾಧೀಶ ಮಾರ್ಮಡ್ಯೂಕ್ ಟೆಂಪಲ್ ನಮ್ಮೆದುರು ನಿಲ್ಲುತ್ತಾನೆ. ಅಷ್ಟರಲ್ಲಿ ತಂದೆಯ ಆಸ್ತಿ ಸಾಲ, ವ್ಯಾಜ್ಯಗಳಲ್ಲಿ ಕರಗಿತ್ತು. ಐವರು ಅಣ್ಣಂದಿರೂ ತೀರಿಕೊಂಡಿದ್ದರು. ಕಳೆದುಹೋದ ಮನೆತನವನ್ನು ಮಗ ಅಕ್ಷರದಲ್ಲಿ ಮತ್ತೆ ಕಟ್ಟಿಕೊಂಡನೆಂದೇ ನಾನು ಅದನ್ನು ಓದುತ್ತೇನೆ, ಅದಕ್ಕಾಗಿ ಅವನನ್ನು ದೂರಲಾರೆ.

ಸಾವಿನ ಕಥೆಯೂ ಹೀಗೆಯೇ ಬೆಳೆಯಿತು. ಕೂಪರ್ 1809ರ ಡಿಸೆಂಬರ್‌ನಲ್ಲಿ ಆಲ್ಬನಿಯಲ್ಲಿ ತೀರಿಕೊಂಡನು. ರಾಜಕೀಯ ಸಭೆಯಿಂದ ಹೊರಬರುವಾಗ ಎದುರಾಳಿಯೊಬ್ಬ ಹಿಂದಿನಿಂದ ತಲೆಗೆ ಹೊಡೆದನೆಂಬ ಮಾತು ಬಹಳ ಕಾಲದ ಮೇಲೆ ಹುಟ್ಟಿ ಪುಸ್ತಕದಿಂದ ಪುಸ್ತಕಕ್ಕೆ ದಾಟಿತು. ಆ ಕಾಲದ ದಾಖಲೆಗಳನ್ನು ಶೋಧಿಸಿದ ಇತಿಹಾಸಕಾರರಿಗೆ ಅದಕ್ಕೆ ಆಧಾರ ಸಿಕ್ಕಿಲ್ಲ. ಬೇಸ್‌ಬಾಲ್ ಹುಟ್ಟಿದ್ದೂ ಇದೇ ಊರಿನಲ್ಲಿ ಎಂಬ ಇನ್ನೊಂದು ನಿರಾಧಾರ ಕಥೆ ಎಷ್ಟು ಬಲವಾಯಿತೆಂದರೆ, 1939ರಿಂದ ಆ ಆಟದ ಕೀರ್ತಿಭವನವೇ ಅಲ್ಲಿದೆ, ಜನ ಹೆಚ್ಚಾಗಿ ಬರುವುದೂ ಅದನ್ನು ನೋಡುವುದಕ್ಕೆ. ವಿಲಿಯಂ ಕೂಪರನ ಸಮಾಧಿ ಊರಿನ ಕ್ರೈಸ್ಟ್ ಚರ್ಚಿನ ಆವರಣದಲ್ಲಿ, ಮನೆಯವರ ನಡುವೆ ಇದೆ; ಮಗನದೂ ಅಲ್ಲಿಯೇ.