ಅಕ್ಕನ ಅಂಗಡೀಲಿ ಮೂರು ಕಂಪ್ಯೂಟರು, ಒಂದು ಫೋಲ್ಡರು

ಸಾಗರದಲ್ಲಿ ನಮ್ಮಕ್ಕಂದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶಾಲೆಯವರ ಪ್ರಶ್ನೆಪತ್ರಿಕೆ, ಏನ್ ಬಂದ್ರೂ ಮಾಡ್ಕೊಡ್ತಾಳೆ. ಅಲ್ಲಿರೋದು ಮೂರು ಕಂಪ್ಯೂಟರು. ಒಂದು ಹಳೇ ವಿಂಡೋಸ್ 7, ಪೇಜ್‌ಮೇಕರು ನುಡಿ ಎಲ್ಲಾ ಅದ್ರಲ್ಲೇ ಇರೋದ್ರಿಂದ ಅದನ್ನ ಬದಲಾಯಿಸೋ ಮಾತೇ ಇಲ್ಲ. ಇನ್ನೊಂದು ನಾನು ಹಾಕ್ಕೊಟ್ಟ ಉಬುಂಟು ಲಿನಕ್ಸ್, ಎರಡು ಟಿಬಿ ಡಿಸ್ಕ್ ಇರೋದು ಅದಕ್ಕೇ, ಅಂಗಡಿ ಫೈಲೆಲ್ಲಾ ಅಲ್ಲೇ ಇಟ್ಟು ಸಾಂಬಾದಲ್ಲಿ, ಅಂದ್ರೆ ಲಿನಕ್ಸಿನ ಫೋಲ್ಡರನ್ನ ನೆಟ್‌ವರ್ಕಲ್ಲಿ ವಿಂಡೋಸಿಗೆ ತೋರಿಸೋ ಸಾಫ್ಟ್‌ವೇರಲ್ಲಿ, ಶೇರ್ ಮಾಡಿದೀವಿ. ಮೂರನೇದು ಹೊಸದಾಗಿ ತಗೊಂಡ ವಿಂಡೋಸ್ 11 ಪ್ರೊ ಲ್ಯಾಪ್‌ಟಾಪು. ಮದುವೆ ಸೀಸನ್ ಶುರುವಾಗೋ ಹೊತ್ತಿಗೆ ಸರಿಯಾಗಿ ಫೋನ್ ಬಂತು, "ಹೊಸದ್ರಲ್ಲಿ ಫೋಲ್ಡರ್ರೇ ಕಾಣಲ್ಲ ಕಣೋ, ಹಳೇದ್ರಲ್ಲಿ ಆರಾಮಾಗಿ ತೆಗೀತದೆ, ಪೆನ್‌ಡ್ರೈವ್ ಹಿಡ್ಕೊಂಡು ಓಡಾಡಿ ಸಾಕಾಯ್ತು" ಅಂತ. ಫೋನಲ್ಲಿ ಹೇಳಿ ಆಗೋದಲ್ಲ ಅನ್ನಿಸ್ತು, ಶುಕ್ರವಾರ ರಾತ್ರಿ ತಾಳಗುಪ್ಪ ರೈಲು ಹತ್ತಿದೆ.

ಹೋದವನು ಸಾಂಬಾ ಸೆಟ್ಟಿಂಗ್ ಮುಟ್ಟಲಿಲ್ಲ. ಎಷ್ಟೋ ಜನ ಇಲ್ಲೇ ಎಡವೋದು, ಫೋಲ್ಡರ್ ಕಾಣಲಿಲ್ಲ ಅಂದ ತಕ್ಷಣ ಶೇರಿಂಗ್ ಸೆಟ್ಟಿಂಗೆಲ್ಲಾ ಆನ್ ಆಫ್ ಮಾಡಿ ಫೈರ್‌ವಾಲನ್ನೂ ಪೂರ್ತಿ ತೆಗೆದು ಹಾಕಿ ಆಮೇಲೆ ಯಾವುದರಿಂದ ಏನಾಯ್ತು ಅಂತಾನೇ ಗೊತ್ತಾಗದ ಹಾಗೆ ಮಾಡ್ಕೋತಾರೆ. ಮೊದಲು ದಾರಿ ಇದೆಯಾ ನೋಡ್ಬೇಕು. ಲ್ಯಾಪ್‌ಟಾಪಿನ ಐಪಿ, ಅಂದ್ರೆ ನೆಟ್‌ವರ್ಕಲ್ಲಿ ಅದರ ವಿಳಾಸ, ನೋಡಿದ್ರೆ 192.168.1 ಇಂದ ಶುರು, ಉಬುಂಟುದು 192.168.0 ಇಂದ. ಅಲ್ಲೇ ಗೊತ್ತಾಯ್ತು, ಎರಡೂ ಬೇರೆ ಬೇರೆ ನೆಟ್‌ವರ್ಕಲ್ಲಿವೆ. ಇಂಟರ್ನೆಟ್‌ನವರು ಕೊಟ್ಟ ರೌಟರ್ ಮುಂದಿನ ಕೋಣೇಲಿದೆ, ಒಳಗೆ ಸಿಗ್ನಲ್ ಬರಲ್ಲ ಅಂತ ಭಾವ ಇನ್ನೊಂದು ರೌಟರ್ ತಂದು ಹಿಂದೆ ಹಾಕಿದಾರೆ, ಹಳೇ ಎರಡೂ ಕಂಪ್ಯೂಟರ್ ಆ ಒಳಗಿನದಕ್ಕೆ, ಲ್ಯಾಪ್‌ಟಾಪ್ ಮುಂದಿನ ವೈಫೈಗೆ. ಮೂರರಲ್ಲೂ ಇಂಟರ್ನೆಟ್ ಚೆನ್ನಾಗಿ ಬರ್ತದೆ, ಹಾಗಾಗಿ ಯಾರಿಗೂ ಅನುಮಾನ ಬಂದಿಲ್ಲ. ಆದ್ರೆ ಒಳಗಿನ ರೌಟರ್ ತನ್ನ ಹಿಂದಿರೋವನ್ನ ಹೊರಗಿನವರಿಗೆ ತೋರಿಸಲ್ಲ, ಅದರ ಕೆಲಸಾನೇ ಅದು. ಒಳಗಿನ ರೌಟರಿನ ಡಿಎಚ್‌ಸಿಪಿ (ಐಪಿ ಹಂಚೋ ಕೆಲಸ) ಆಫ್ ಮಾಡಿ ಕೇಬಲ್ಲನ್ನ ಇಂಟರ್ನೆಟ್ ಬರೋ ವ್ಯಾನ್ ಪೋರ್ಟಿಂದ ಕಿತ್ತು ಕಂಪ್ಯೂಟರ್ ಸೇರಿಸೋ ಲ್ಯಾನ್ ಪೋರ್ಟಿಗೆ ಚುಚ್ಚಿದೆ, ಈಗ ಅದು ಬರೀ ವೈಫೈ ಕೊಡೋ ಡಬ್ಬಿ, ಮೂರೂ ಒಂದೇ ನೆಟ್‌ವರ್ಕಿಗೆ ಬಂದವು. ಉಬುಂಟುಗೆ ದಿನಾ ಒಂದೇ ಐಪಿ ಸಿಗೋ ಹಾಗೆ ಮುಂದಿನ ರೌಟರಲ್ಲಿ ರಿಸರ್ವ್ ಮಾಡಿದೆ. ಲ್ಯಾಪ್‌ಟಾಪ್ ವೈಫೈನ ಪಬ್ಲಿಕ್ ಅಂತ ಇಟ್ಕೊಂಡಿತ್ತು, ಪ್ರೈವೇಟ್ ಮಾಡಿದೆ. ಪವರ್‌ಶೆಲ್ಲಲ್ಲಿ ಉಬುಂಟುದ ಫೈಲ್ ಶೇರಿಂಗಿನ 445ನೇ ಪೋರ್ಟ್ ಚೆಕ್ ಮಾಡಿದ್ರೆ ಟ್ರೂ ಅಂತ ಬಂತು. ದಾರಿ ಆಯ್ತು.

ಆಮೇಲೆ ಫೈಲ್ ಎಕ್ಸ್‌ಪ್ಲೋರರಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಐಪಿ ಹೊಡೆದೆ. ನಿಮ್ಮ ಸಂಸ್ಥೆಯ ಭದ್ರತಾ ನೀತಿ ಗೆಸ್ಟ್ ಪ್ರವೇಶನ ತಡೀತಿದೆ ಅನ್ನೋ ಅರ್ಥದ ಒಂದು ಮೆಸೇಜು. ಅಕ್ಕ ಪಕ್ಕದಲ್ಲಿ ನಿಂತು ಓದಿ "ಯಾವ ಸಂಸ್ಥೆನೋ? ಅಂಗಡಿ ನಂದೇ ಅಲ್ವಾ" ಅಂದ್ಲು. ನ್ಯಾಯವಾದ ಪ್ರಶ್ನೆ.

ವಿಷಯ ಏನಂದ್ರೆ, ಮೊದಲು ಇದನ್ನ ಹಾಕುವಾಗ ಸುಲಭ ಆಗ್ಲಿ ಅಂತ ನಾನೇ ಪಾಸ್‌ವರ್ಡ್ ಇಲ್ಲದೆ ಗೆಸ್ಟ್ ಆಗಿ ಬರಬಹುದು ಅಂತ ಬಿಟ್ಟಿದ್ದೆ. ಗುರುತಿಲ್ಲದ ಹೆಸರಲ್ಲಿ ಯಾರು ಬಂದ್ರೂ ಸಾಂಬಾ ಅವರನ್ನ ಗೆಸ್ಟ್ ಅಂತ ಒಳಗೆ ಬಿಟ್ಕೊಳ್ತದೆ, ವಿಂಡೋಸ್ 7 ಅದಕ್ಕೆ ತಕರಾರು ಮಾಡಲ್ಲ. 2024ರಲ್ಲಿ ಬಂದ 24ಎಚ್2 ಅಪ್‌ಡೇಟ್ ಆದ್ಮೇಲೆ ವಿಂಡೋಸ್ 11 ಪ್ರೊ ಒಪ್ಪಲ್ಲ. ಹೋಗೋ ಬರೋ ಪ್ರತಿ ಪ್ಯಾಕೆಟ್ಟಿಗೂ ಸಹಿ ಇರ್ಬೇಕು ಅಂತದೆ, ಆ ಸಹಿ ಹಾಕೋ ಕೀ ಹುಟ್ಟೋದು ಪಾಸ್‌ವರ್ಡ್ ಕೊಟ್ಟು ಲಾಗಿನ್ ಆದಾಗ, ಗೆಸ್ಟಿಗೆ ಪಾಸ್‌ವರ್ಡೇ ಇಲ್ಲ ಅಂದ್ಮೇಲೆ ಸಹಿ ಎಲ್ಲಿಂದ ಬರ್ಬೇಕು. ಯೂಟ್ಯೂಬಲ್ಲಿ ನೋಡಿದ್ರೆ ರಿಜಿಸ್ಟ್ರೀಲಿ ಒಂದು ನಂಬರ್ ಬದಲಾಯಿಸಿ, ಸಹಿ ಆಫ್ ಮಾಡಿ, ಎಸ್‌ಎಂಬಿ 1, ಅಂದ್ರೆ ವಿಂಡೋಸ್ ಫೈಲ್ ಶೇರಿಂಗ್ ಭಾಷೆಯ ಹಳೇ ಆವೃತ್ತಿ, ಆನ್ ಮಾಡಿ ಅಂತ ಹೇಳೋರೇ ಜಾಸ್ತಿ. ದಯವಿಟ್ಟು ಮಾಡ್ಬೇಡಿ. 2017ರ ಮೇನಲ್ಲಿ ವಾನಾಕ್ರೈ ಅನ್ನೋ, ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವೈರಸ್ಸು ಹರಡಿದ್ದು ಈ ಎಸ್‌ಎಂಬಿ 1ರ ತೂತಿನಿಂದಾನೇ, ತೂತು ಮುಚ್ಚೋ ಅಪ್‌ಡೇಟ್ ಅದೇ ಮಾರ್ಚಲ್ಲಿ ಬಂದಿತ್ತು, ಹಾಕ್ಕೊಳ್ಳದೇ ಇದ್ದೋರ ಫೈಲೆಲ್ಲಾ ಲಾಕ್ ಆದವು. ಅಕ್ಕನ ಡಿಸ್ಕಲ್ಲಿ ಎಷ್ಟು ಮನೆಯವರ ಫೋಟೋ, ಫೋನ್ ನಂಬರು, ವಿಳಾಸ ಇದೆ ಗೊತ್ತಾ. ಅಲ್ದೆ ಎಸ್‌ಎಂಬಿ 1 ಬೇಕಾಗೋದು ಎಕ್ಸ್‌ಪಿಗೆ, ವಿಂಡೋಸ್ 7ಗೆ ಎಸ್‌ಎಂಬಿ 2 ಬರ್ತದೆ, ಸಾಂಬಾ ಕೂಡ 2019ರ 4.11 ಇಂದ ಹಳೇದನ್ನ ತಾನಾಗೇ ಆಫ್ ಇಟ್ಟಿದೆ.

ಹಾಗಾಗಿ ಗೆಸ್ಟ್ ತೆಗೆದು 'ಅಂಗಡಿ' ಅಂತ ಒಂದು ಯೂಸರ್ ಮಾಡಿದೆ. ಇಲ್ಲೊಂದು ಗೊತ್ತಿರ್ಬೇಕು, ಉಬುಂಟುಗೆ ಲಾಗಿನ್ ಆಗೋ ಪಾಸ್‌ವರ್ಡೇ ಬೇರೆ ಸಾಂಬಾ ಪಾಸ್‌ವರ್ಡೇ ಬೇರೆ, ಸಾಂಬಾದ್ದನ್ನ ಎಸ್‌ಎಂಬಿ‌ಪಾಸ್‌ವರ್ಡ್ (smbpasswd) ಕಮಾಂಡಲ್ಲಿ ಪ್ರತ್ಯೇಕವಾಗಿ ಸೇರಿಸ್ಬೇಕು. ಲ್ಯಾಪ್‌ಟಾಪ್ ಪಾಸ್‌ವರ್ಡ್ ಕೇಳಿದಾಗ ಭಾವ ತಮ್ಮ ಪಿನ್ ಹೊಡೆದ್ರು, ಪಿನ್ ಆ ಲ್ಯಾಪ್‌ಟಾಪಿಗೆ ಮಾತ್ರ, ನೆಟ್‌ವರ್ಕಲ್ಲಿ ನಡಿಯಲ್ಲ. ಮೊದಲು ಹೊಡೆದ ತಪ್ಪು ಹೆಸರು ವಿಂಡೋಸ್ ಪಾಸ್‌ವರ್ಡ್ ನೆನಪಿಡೋ ಕ್ರೆಡೆನ್ಶಿಯಲ್ ಮ್ಯಾನೇಜರಲ್ಲಿ ಕೂತಿತ್ತು, ಅದನ್ನ ಅಳಿಸಿ, ಲಾಗ್‌ಔಟ್ ಆಗಿ ಬಂದ ಮೇಲೆ ಒಳಗೆ ಬಿಡ್ತು.

ಫೋಲ್ಡರ್ ತೆಗೀತು, ಫೈಲೂ ತೆಗೀತು, ಸೇವ್ ಮಾಡಕ್ಕೆ ಹೋದ್ರೆ ಪರ್ಮಿಷನ್ ಇಲ್ಲ. ಗೆಸ್ಟ್ ಆಗಿ ಬಂದು ಇಟ್ಟ ಫೈಲಿಗೆಲ್ಲಾ ಲಿನಕ್ಸಲ್ಲಿ ಯಜಮಾನ ನೋಬಡಿ, ಅಂದ್ರೆ ಯಾರೂ ಅಲ್ಲ. ಒಂದೇ ಕಮಾಂಡಲ್ಲಿ ಎಲ್ಲಾ 'ಅಂಗಡಿ' ಹೆಸರಿಗೆ ಮಾಡಿದೆ.

ಸಾಂಬಾ ಅನ್ನೋ ಹೆಸರಿನ ಕಥೆ ಅಕ್ಕಂಗೆ ಇಷ್ಟ ಆಯ್ತು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಓದ್ತಿದ್ದ ಆಂಡ್ರ್ಯೂ ಟ್ರಿಡ್ಜೆಲ್ 90ರ ದಶಕದ ಮೊದಲಲ್ಲಿ ಇದನ್ನ ಬರೆದ್ರು, ಇಟ್ಟಿದ್ದ ಹೆಸರು ಇನ್ನೊಂದು ಕಂಪನೀದಾಗಿತ್ತು, ಅದಕ್ಕೆ ಎಸ್, ಎಂ, ಬಿ ಅಕ್ಷರ ಇದೇ ಕ್ರಮದಲ್ಲಿ ಬರೋ ಪದಗಳನ್ನ ಕಂಪ್ಯೂಟರಲ್ಲೇ ಇದ್ದ ಪದಪಟ್ಟೀಲಿ ಹುಡುಕಿ ಸಾಂಬಾ ಆರಿಸ್ಕೊಂಡ್ರು.

ಇಷ್ಟಾದ್ಮೇಲೆ ಮುಗೀತು ಅಂತ ಕಾಫಿ ಕುಡೀತಿದ್ದೆ, ಅಂಗಡೀಲಿ ಟೈಪ್ ಮಾಡೋ ಹುಡುಗಿ ಬಂದು "ಸಾರ್, ನಾನು ಉಬುಂಟೂಲಿ ಸೇವ್ ಮಾಡಿದ್ ಫೈಲು ಆ ಕಡೆ ಏನೇನೋ ಹೆಸರಲ್ಲಿ ಕಾಣ್ತದೆ" ಅಂದ್ಲು. ಹೋಗಿ ನೋಡಿದೆ. ಅವಳಿಟ್ಟ ಹೆಸರು ಚಿ|| ಅಂತ ಶುರುವಾಗ್ತಿತ್ತು, ಲಗ್ನಪತ್ರಿಕೇಲಿ ನಾವೆಲ್ಲಾ ಬರೆಯೋದೇ ಹಾಗೆ, ಚಿ|| ರಾ||, ಚಿ|| ಸೌ||. ಆ ಎರಡು ಗೆರೆ ಕೀಬೋರ್ಡಿನ ಪೈಪ್ ಗುರುತು. ಲಿನಕ್ಸಲ್ಲಿ ಫೈಲ್ ಹೆಸರಿಗೆ ಪೈಪ್ ನಡೀತದೆ, ವಿಂಡೋಸಲ್ಲಿ ನಡಿಯಲ್ಲ, ಹಾಗಾಗಿ ಸಾಂಬಾ ಅದನ್ನ ವಿಂಡೋಸಿಗೆ ತೋರಿಸುವಾಗ ಎಂಟಕ್ಷರದ ಬೇರೇನೋ ಹೆಸರು ಕಟ್ಟಿ ಕೊಡ್ತದೆ. ಫೈಲ್ ಹಾಳಾಗಿಲ್ಲ, ಹೆಸರು ಮಾತ್ರ ಹೋಗಿದೆ. ನಿಜವಾಗಿ ಅಲ್ಲಿ ಹಾಕ್ಬೇಕಾದ್ದು ಜೋಡಿ ದಂಡ, ॥ ಅಂತ, ಅದು ಯೂನಿಕೋಡಲ್ಲಿ ಒಂದೇ ಅಕ್ಷರ, ಎರಡೂ ಕಡೆ ನಡೀತದೆ, ನೋಡಕ್ಕೂ ಅದೇ. ನಲವತ್ತಕ್ಕಿಂತ ಜಾಸ್ತಿ ಫೈಲಿತ್ತು, ಇಬ್ರೂ ಕೂತು ಹೆಸರು ಬದಲಾಯಿಸಿದ್ವಿ.

ಆಗಲೇ ಇನ್ನೊಂದೂ ಸಿಕ್ತು. ಲ್ಯಾಪ್‌ಟಾಪಿಂದ ಉಬುಂಟುಗೆ ಒಂದು ಫೈಲ್ ಕಾಪಿನೇ ಆಗ್ತಿಲ್ಲ, ಹೆಸರಲ್ಲಿ ವಧು, ವರ, ಎರಡೂ ಕಡೆ ತಂದೆತಾಯಿ, ಊರು, ತಾರೀಕು ಎಲ್ಲಾ ಇದೆ. ವಿಂಡೋಸ್ ಫೈಲ್ ಹೆಸರಲ್ಲಿ 255 ಅಕ್ಷರ ಬಿಡ್ತದೆ, ಲಿನಕ್ಸ್ ಬಿಡೋದು 255 ಬೈಟು. ಇಂಗ್ಲಿಷಿನವರಿಗೆ ಎರಡೂ ಒಂದೇ, ಒಂದಕ್ಷರಕ್ಕೆ ಒಂದು ಬೈಟು. ನಮಗೆ ಒಂದೊಂದಕ್ಕೂ ಮೂರು ಬೈಟು, ಅದೂ ಒತ್ತಿಗೆ ಬೇರೆ, ಗುಣಿತಕ್ಕೆ ಬೇರೆ. ಲಗ್ನಪತ್ರಿಕೆ ಅಂತ ಬರೆದ್ರೆ ಕಣ್ಣಿಗೆ ಕಾಣೋದು ಐದಕ್ಷರ, ಕಂಪ್ಯೂಟರಿಗೆ ಹನ್ನೊಂದು, ಡಿಸ್ಕಿಗೆ 33 ಬೈಟು, ಆ ಪದಾನೇ ಎಂಟು ಸಲ ಬರೆದ್ರೆ ಜಾಗ ಮುಗೀತು. ಕನ್ನಡದಲ್ಲಿ ಫೈಲಿಗೆ ಹೆಸರಿಡೋರು ಇನ್ನೂ ಕಮ್ಮಿ ಅಂತಾನೋ ಏನೋ, ಇದನ್ನ ಕನ್ನಡದಲ್ಲಿ ಯಾರೂ ಬರೆದಿದ್ದು ನಾನು ನೋಡಿಲ್ಲ, ಇಂಗ್ಲಿಷಲ್ಲಿ ಹೆಸರಿಡಿ ಅಂತ ಹೇಳಿ ಕೈ ತೊಳ್ಕೋತಾರೆ. ಅಂಗಡಿಯವರು ಕನ್ನಡದಲ್ಲೇ ಇಡ್ಲಿ, ಚಿಕ್ಕದಾಗಿ ಇಡ್ಲಿ ಅಷ್ಟೇ. ವರನ ಹೆಸರು, ಊರು, ತಾರೀಕು ಸಾಕು.

ಭಾನುವಾರ ರಾತ್ರಿ ಹೊರಡುವಾಗ ನೋಡಿದೆ, ಆ ಹುಡುಗಿ ಒಂದು ಚೀಟಿ ಬರೆದು ಮಾನಿಟರ್ ಅಂಚಿಗೆ ಅಂಟಿಸಿದ್ಲು. ವಿಂಡೋಸಿಗೆ ಆಗದ ಒಂಬತ್ತು ಗುರುತುಗಳು ಸಾಲಾಗಿ, ಕೆಳಗೆ ದೊಡ್ಡದಾಗಿ ಕೆಂಪು ಪೆನ್ನಲ್ಲಿ ಚಿ॥.