ಬೀದರಿನಲ್ಲಿ ನೀಲಿಯೋ ಹಳದಿಯೋ

ಬೀದರಿನಿಂದ ಹೈದರಾಬಾದಿನ ಗಚ್ಚಿಬೌಲಿ ಕ್ರೀಡಾಂಗಣಕ್ಕೆ ಕಾರಿನಲ್ಲಿ ಮೂರು ಗಂಟೆಯ ದಾರಿ. ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಹೋಗಬೇಕಂದ್ರೆ ರಾತ್ರಿಯಿಡೀ ರೈಲಿನಲ್ಲಿ ಕೂರಬೇಕು. ಹಾಗಾದರೆ ನೀಲಿ ಅಂಗಿಯ ಬೆಂಗಳೂರು ಎಫ್‌ಸಿ ಮತ್ತು ಹಳದಿ ಅಂಗಿಯ ಹೈದರಾಬಾದ್ ಎಫ್‌ಸಿ ಫುಟ್‌ಬಾಲ್ ತಂಡಗಳು ಎದುರುಬದುರಾಗುತ್ತಿದ್ದಾಗ ಬೀದರಿನ ಹುಡುಗರು ಯಾರ ಕಡೆ ಇದ್ದರು? 2022ರ ಅಕ್ಟೋಬರ್‌ನಲ್ಲಿ, ದೀಪಾವಳಿಗೆ ಸ್ವಲ್ಪ ಮುಂಚೆ ಅಲ್ಲಿಗೆ ಹೋದಾಗ ಈ ಪ್ರಶ್ನೆ ನನ್ನ ತಲೆಯಲ್ಲೇ ಇರಲಿಲ್ಲ. ನಾನು ಹೋಗಿದ್ದು ಕೋಟೆ ನೋಡೋಕೆ, ಆಮೇಲೆ ಒಂದು ಬಿದ್ರಿ ಹೂದಾನಿ ತರೋಕೆ.

ಕೋಟೆ ಬಗ್ಗೆ ಜಾಸ್ತಿ ಹೇಳಲ್ಲ. ಅದನ್ನು ಬೇರೆಯವರು ಚೆನ್ನಾಗಿ ಬರೆದಿದ್ದಾರೆ. ರಂಗೀನ್ ಮಹಲಿನ ಕಪ್ಪು ಕಲ್ಲಿನಲ್ಲಿ ಕೂರಿಸಿರುವ ಮುತ್ತಿನ ಚಿಪ್ಪನ್ನು ಮಾತ್ರ ಹತ್ತಿರ ಹೋಗಿ ನೋಡಿ. ದೂರದಿಂದ ಅದರ ಹೊಳಪು ಕಾಣೋದೇ ಇಲ್ಲ. ಅಲ್ಲಿಂದ ಹೊರಟು ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ. 1472ರಲ್ಲಿ ಕಟ್ಟಿದ ಕಾಲೇಜು. ಅರ್ಧ ಕಟ್ಟಡ ಹೋಗಿದೆ, ಒಂದು ಮಿನಾರು ಉಳಿದಿದೆ. ಅದರ ಮೇಲೆ ಅಲ್ಲಲ್ಲಿ ನೀಲಿ ಹೆಂಚು ಇನ್ನೂ ಅಂಟಿಕೊಂಡಿದೆ. ಈ ಹೆಂಚಿನ ವಿಷಯ ಮುಂದೆ ಬರುತ್ತೆ.

ಚೌಬಾರ ಗೋಪುರದ ಹತ್ತಿರದ ಗಲ್ಲಿಯೊಂದರಲ್ಲಿ ಬಿದ್ರಿ ಕೆಲಸ ನಡೆಯುತ್ತಿತ್ತು. ನೆಲದ ಮೇಲೆ ಕೂತು ಮೂವರು ಕೆಲಸ ಮಾಡುತ್ತಿದ್ದರು. ಹುಡುಗನೊಬ್ಬ ಹೂಜಿಯನ್ನು ಕಾಲ ನಡುವೆ ಇಟ್ಟುಕೊಂಡು, ಉಳಿಯಿಂದ ಕೊರೆದ ಗೆರೆಯೊಳಗೆ ಬೆಳ್ಳಿ ತಂತಿ ಇಟ್ಟು ಸಣ್ಣ ಸುತ್ತಿಗೆಯಿಂದ ಕುಟ್ಟುತ್ತಿದ್ದ. ಕೂದಲಿನಷ್ಟು ತೆಳು ತಂತಿ. ಎಲೆಯ ತುದಿ ಬಂದಾಗ ಉಸಿರು ಹಿಡಿದು ಎರಡೇ ಪೆಟ್ಟು. ಪೆಟ್ಟು ಮುಗಿದ ತಕ್ಷಣ ತಲೆ ಎತ್ತಿ, "ಛೇತ್ರಿ ಇರೋತನ ಬೆಂಗಳೂರಿಗಿ ಏನೂ ಆಗಲ್ಲ ನೋಡ್ರಿ ಚಾಚಾ" ಅಂದ. ಛೇತ್ರಿ ಅಂದ್ರೆ ಬೆಂಗಳೂರು ತಂಡದ ಆಗಿನ ನಾಯಕ ಸುನೀಲ್ ಛೇತ್ರಿ. ನಾನು ಒಳಗೆ ಬರೋಕೆ ಮುಂಚೆಯೇ ಜಗಳ ಶುರುವಾಗಿತ್ತು ಅನ್ನೋದು ಆಗ ಗೊತ್ತಾಯಿತು.

ಶನಿವಾರ ಗಚ್ಚಿಬೌಲಿಯಲ್ಲಿ ಪಂದ್ಯ. ಹೈದರಾಬಾದ್ ಅಂದ್ರೆ ಆಗ ಚಾಂಪಿಯನ್. ಮಾರ್ಚ್‌ನಲ್ಲಿ ಗೋವಾದ ಫತೋರ್ಡಾದಲ್ಲಿ ಕೇರಳ ಬ್ಲಾಸ್ಟರ್ಸ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಐಎಸ್‌ಎಲ್, ಅಂದ್ರೆ ಇಂಡಿಯನ್ ಸೂಪರ್ ಲೀಗ್, ಗೆದ್ದಿತ್ತು. 2019ರಲ್ಲಿ ಹುಟ್ಟಿದ ತಂಡ, ಮೊದಲ ವರ್ಷ ಪಟ್ಟಿಯ ತಳದಲ್ಲಿತ್ತು. ಆಮೇಲೆ ಕೊರೊನಾ ಬಂತು, ಎರಡು ವರ್ಷ ಲೀಗ್ ಪೂರ್ತಿ ಗೋವಾದಲ್ಲೇ ನಡೆಯಿತು. ಹಾಗಾಗಿ ತಮ್ಮೂರಲ್ಲಿ ಒಂದು ಪಂದ್ಯವನ್ನೂ ಆಡದೆ ಅವರು ಆ ವರ್ಷ ಕಪ್ ಎತ್ತಿದರು. ಈಗ ಮನೆಗೆ ಬಂದಿದ್ದಾರೆ. ಎದುರಿಗೆ ಬೆಂಗಳೂರು. ಅದೂ ಸೆಪ್ಟೆಂಬರ್‌ನಲ್ಲಷ್ಟೇ ಡ್ಯೂರಾಂಡ್ ಕಪ್ ಗೆದ್ದುಕೊಂಡು ಬಂದಿದ್ದ ತಂಡ.

ನಾನು ಅಂದುಕೊಂಡಿದ್ದು ಬೇರೆ. ಉರ್ದು ಮಾತಾಡುವವರು ಹೈದರಾಬಾದ್ ಅಂತಾರೆ, ಕನ್ನಡದವರು ಬೆಂಗಳೂರು ಅಂತಾರೆ ಅಂತ. ದಕ್ಷಿಣದಿಂದ ಹೋದವರ ಲೆಕ್ಕ ಹೀಗೇ ಇರುತ್ತೆ. ಆದರೆ ಬೆಂಗಳೂರು ಅಂತ ಕೂಗುತ್ತಿದ್ದವನು ಮನೆಯಲ್ಲಿ ದಖನಿ ಉರ್ದು ಮಾತಾಡುವ ಆ ಬೆಳ್ಳಿ ತಂತಿಯ ಹುಡುಗ. ಹೈದರಾಬಾದ್ ಪರ ವಾದ ಮಾಡುತ್ತಿದ್ದವನು ಭಾಲ್ಕಿಯ ಕನ್ನಡದ ಹುಡುಗ. ಅಂಗಡಿಗೆ ಚಹಾ ತಂದುಕೊಡೋಕೆ ಬಂದವನು ಅಲ್ಲೇ ನಿಂತುಬಿಟ್ಟಿದ್ದ.

"ನಮಗ ಜ್ವರ ಬಂದ್ರ ಹೈದ್ರಾಬಾದ್, ಮದುವಿ ಬಟ್ಟಿ ಹೈದ್ರಾಬಾದ್, ನಮ್ಮಣ್ಣನ ನೌಕ್ರಿ ಹೈದ್ರಾಬಾದ್. ಫುಟ್‌ಬಾಲ್ ಅಷ್ಟೇ ಬೆಂಗಳೂರಾ?" ಅಂತ ಅವನು ಕೇಳಿದ.

"ಹಂಗಂದ್ರ ಹಾಲ್‌ಟಿಕೆಟ್ ಎಲ್ಲಿಂದ ಬರ್ತದ? ಬೆಂಗಳೂರಿಂದ" ಅಂದ ತಂತಿಯ ಹುಡುಗ. ಇದು ವಾದವೇ ಅಲ್ಲ ಅಂತ ನನಗೆ ಅನ್ನಿಸಿತು. ಆದರೂ ಎಲ್ಲರೂ ನಕ್ಕರು, ಅವನಿಗೆ ಒಂದು ಅಂಕ ಸಿಕ್ಕಿತು.

ಆಟದ ಮಾತು ಬಂದಾಗ ಮಾತ್ರ ಇಬ್ಬರೂ ಬೇರೆಯೇ ಮನುಷ್ಯರಾದರು. ಭಾಲ್ಕಿ ಹುಡುಗನ ಆಧಾರ ಹೈದರಾಬಾದಿನ ಸ್ಟ್ರೈಕರ್ ಒಗ್ಬೆಚೆ. ಹಿಂದಿನ ಸೀಸನ್‌ನಲ್ಲಿ 18 ಗೋಲು, ಲೀಗಿನಲ್ಲೇ ಎಲ್ಲರಿಗಿಂತ ಜಾಸ್ತಿ. ಆಮೇಲೆ ಗೋಲ್‌ಕೀಪರ್ ಲಕ್ಷ್ಮೀಕಾಂತ್ ಕಟ್ಟಿಮನಿ. ಫೈನಲ್‌ನ ಪೆನಾಲ್ಟಿಯಲ್ಲಿ ಮೂರು ಹೊಡೆತ ತಡೆದವನು. "ಗೋವಾದವ್ನು ಅಂತಾರ, ಆದ್ರ ಹೆಸರು ನೋಡ್ರಿ, ಕಟ್ಟಿಮನಿ! ನಮ್ಮವ್ನೇ" ಅಂದ. ಈ ಕಡೆಯವನು ಬೆರಳು ಮಡಚಿ ಲೆಕ್ಕ ಕೊಟ್ಟ: ಛೇತ್ರಿ, ರಾಯ್ ಕೃಷ್ಣ, ಗೋಲಿನಲ್ಲಿ ಗುರ್‌ಪ್ರೀತ್, ಹಿಂದೆ ಜಿಂಗನ್. "ಡ್ಯೂರಾಂಡ್ ಸೆಮಿಫೈನಲ್‌ದಾಗ ನಿಮ್ಮನ್ನ ಮನಿಗಿ ಕಳ್ಸಿದ್ದು ಮರತ್ರೇನು?" ಅಂದ. ಅದು ನಿಜ. ಬೆಂಗಳೂರು 1–0 ಗೆದ್ದಿತ್ತು. ಆದರೆ ಆ ಒಂದು ಗೋಲು ಹೈದರಾಬಾದಿನ ಡಿಫೆಂಡರ್ ಓಡೈ ತಮ್ಮದೇ ಬಲೆಗೆ ಹೊಡೆದದ್ದು. "ಅದೂ ನಮ್ಮವ್ನೇ ಹೊಡದಾನ. ನಿಮ್ಮವ್ರಿಗಿ ಅದೂ ಆಗ್ಲಿಲ್ಲ" ಅಂತ ಉತ್ತರ ಬಂತು.

ನನ್ನನ್ನು ಕೇಳಿದರೆ ಬೆಂಗಳೂರಿನ ಮಧ್ಯಭಾಗ ಆಗ ನಿಧಾನವಾಗಿತ್ತು, ಛೇತ್ರಿಗೆ 38 ಆಗಿತ್ತು. ಸ್ವಂತ ಮೈದಾನದಲ್ಲಿ ಹೈದರಾಬಾದಿನದೇ ಮೇಲುಗೈ. ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ಚಾಚಾ ಬಾಯಿ ಬಿಟ್ಟರು. ಅವರು ಕಪ್ಪು ಹಚ್ಚುವ ಕೆಲಸದಲ್ಲಿದ್ದರು. ಕೋಟೆಯೊಳಗಿನ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕುದಿಸಿ, ಅದರಲ್ಲಿ ಪಾತ್ರೆ ಅದ್ದಿದರೆ ಸತು ಕಪ್ಪಾಗುತ್ತೆ, ಬೆಳ್ಳಿ ಹಾಗೇ ಬೆಳ್ಳಗಿರುತ್ತೆ. ಆ ಮಣ್ಣನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸ್ತಾರೆ. ಚಾಚಾ ನನ್ನೆದುರೇ ಚಿಟಿಕೆ ತಗೊಂಡು ನೆಕ್ಕಿ, ಉಗುಳಿ, ಆಮೇಲೆ ಶುರು ಮಾಡಿದರು. ಅವರ ಅಬ್ಬಾ ಹೇಳುತ್ತಿದ್ದ ಕಥೆ, ಹೈದರಾಬಾದ್ ಸಿಟಿ ಪೊಲೀಸ್ ತಂಡದ್ದು. ಬೊಂಬಾಯಿಯ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸತತ ಐದು ಸಲ ಗೆದ್ದ ತಂಡ ಅದು. ಕೋಚ್ ಸೈಯದ್ ಅಬ್ದುಲ್ ರಹೀಂ. "ಆಗ ಬೀದರ್ ಎಲ್ಲಿತ್ತು ಹೇಳು? ಹೈದ್ರಾಬಾದ್ ಸ್ಟೇಟ್‌ದಾಗ. ಆ ಕಪ್ ನಮ್ದೂ ಹೌದು" ಅಂದರು.

1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಬಂತು. ಸರಿಯಾಗಿ ಒಂದು ತಿಂಗಳಿಗೆ, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ರಹೀಂ ಅವರ ಭಾರತ ತಂಡ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ಸೆಮಿಫೈನಲ್ ತಲುಪಿತು. ಕೊನೆಗೆ ನಾಲ್ಕನೇ ಸ್ಥಾನ. ಆ ತಂಡದಲ್ಲಿ ಸಿಕಂದರಾಬಾದಿನ ಬಲರಾಂ ಇದ್ದರು, ಬೆಂಗಳೂರಿನ ಕೆಂಪಯ್ಯನೂ ಇದ್ದರು. ಕೆಂಪಯ್ಯನ ಹೆಸರು ಹೇಳಿದ್ದು ನಾನು. ತಂತಿಯ ಹುಡುಗ ಅದನ್ನು ತಕ್ಷಣ ತನ್ನ ಖಾತೆಗೆ ಹಾಕಿಕೊಂಡ. "ನೋಡ್ರಿ, ಅಲ್ಲೂ ಬೆಂಗಳೂರೇ!"

"ಗವಾನ್ ಸಾಬ್‌ರ ಮಿನಾರ್ ಮ್ಯಾಲ ಯಾವ ಬಣ್ಣ ಅದ? ನೀಲಿ. ನಮ್ಮ ಜೆರ್ಸಿ ಬಣ್ಣ" ಅಂತಲೂ ಸೇರಿಸಿದ.

"ಅದಕ್ಕೇ ಅರ್ಧ ಉದುರಿ ಹೋಗ್ಯಾವ" ಅಂದ ಭಾಲ್ಕಿಯವನು.

ಹೂದಾನಿ ತಗೊಂಡೆ. ಚೌಕಾಸಿ ಮಾಡೋಕೆ ಮನಸ್ಸಾಗಲಿಲ್ಲ, ಅಷ್ಟು ಹೊತ್ತು ಪುಕ್ಕಟೆ ಮನರಂಜನೆ ಸಿಕ್ಕಿತ್ತಲ್ವಾ. ನಾನು ಕಲಬುರಗಿ ರೈಲು ಹಿಡಿಯಬೇಕಿತ್ತು. 2017ರಲ್ಲಿ ಹೊಸ ಹಳಿ ಶುರುವಾಗುವ ಮುಂಚೆ ಬೀದರಿನಿಂದ ಕಲಬುರಗಿಗೆ ರೈಲಿನಲ್ಲಿ ಹೋಗಬೇಕಂದ್ರೆ ತೆಲಂಗಾಣದ ವಿಕಾರಾಬಾದ್ ಸುತ್ತಿ ಬರಬೇಕಿತ್ತು. ಅಂದ್ರೆ ಪಕ್ಕದ ಜಿಲ್ಲೆಗೆ ಹೋಗೋಕೂ ಹೈದರಾಬಾದಿನ ದಾರಿಯೇ. ಇದನ್ನು ಹೇಳಿದ್ದಕ್ಕೆ ಭಾಲ್ಕಿ ಹುಡುಗ ನನಗೊಂದು ಚಹಾ ಜಾಸ್ತಿ ಕೊಟ್ಟ.

ಹೊರಡುವಾಗ ಮಾತು ಕಾರಿನ ಮೇಲೆ ಬಂದಿತ್ತು. ಶನಿವಾರ ಎಲ್ಲರೂ ಒಂದೇ ಗಾಡಿಯಲ್ಲಿ ಗಚ್ಚಿಬೌಲಿಗೆ. ಹೋಗುವಾಗ ನೀಲಿ ಅಂಗಿಯವನು ಹಿಂದಿನ ಸೀಟಿನಲ್ಲಿ, ಅದು ಅವನಿಗೂ ಒಪ್ಪಿಗೆ. ಡೀಸೆಲ್ ದುಡ್ಡು ಸೋತವರ ತಲೆ ಮೇಲೆ. ಅದಕ್ಕೂ ಒಪ್ಪಿಗೆ.

"ಡ್ರಾ ಆದ್ರ?" ಅಂದರು ಚಾಚಾ.

ಇಬ್ಬರೂ ಒಟ್ಟಿಗೆ ನನ್ನ ಕಡೆ ನೋಡಿ, "ಸಾಹೇಬ್ರ ಫೋನ್ ನಂಬರ್ ತಗೋರಿ" ಅಂದರು.